ಯಾರೂ ತುಳಿಯದ ದಾರಿಯನ್ನು ಮಾರಬೇಡಿ

ವಾರಾಂತ್ಯದ ಚಾರಣ ನಡೆಸುವ ಬೆಂಗಳೂರು, ಮೈಸೂರು, ಮಂಗಳೂರಿನ ತಂಡಗಳಿಗೆ ಒಂದು ಬಹಿರಂಗ ಪತ್ರ

ಸಂಘಟಕ ಮಿತ್ರರೇ,

ಶುಕ್ರವಾರ ರಾತ್ರಿ ಬೆನ್ನುಚೀಲ ಹೊತ್ತ ಹುಡುಗ ಹುಡುಗಿಯರನ್ನು ಟಿಟಿಗೆ ಹತ್ತಿಸಿಕೊಂಡು, ಬೆಳಗಾಗುವಷ್ಟರಲ್ಲಿ ಮಲೆನಾಡಿನ ಯಾವುದೋ ಹೋಂಸ್ಟೇ ಮುಟ್ಟಿಸಿ, ಬೆಟ್ಟ ಹತ್ತಿಸಿ ಇಳಿಸಿ, ಸೋಮವಾರ ಆಫೀಸಿನ ಹೊತ್ತಿಗೆ ಎಲ್ಲರನ್ನೂ ಅವರವರ ಮನೆಗೆ ಸೇರಿಸುವ ಕೆಲಸ ನಿಮ್ಮದು. ಅದನ್ನು ಹೀಗಳೆಯಲು ಈ ಪತ್ರ ಬರೆಯುತ್ತಿಲ್ಲ. ಕಾಡನ್ನು ಕಣ್ಣಾರೆ ಕಾಣದವರು ಕಾಡಿನ ಪರವಾಗಿ ಮಾತಾಡುವುದು ಕಷ್ಟ. ನಗರದ ಒಂದು ತಲೆಮಾರಿಗೆ ಶೋಲಾ ಎಂದರೇನು, ಇಂಬಳ ಎಂದರೇನು ಎಂದು ತೋರಿಸಿದವರು ನೀವು. ತಕರಾರು ಇರುವುದು ನಿಮ್ಮ ಜಾಹೀರಾತಿನಲ್ಲಿ ಮತ್ತೆ ಮತ್ತೆ ಕಾಣುವ ಒಂದು ಮಾತಿನ ಬಗ್ಗೆ. 'ಯಾರೂ ಹೋಗದ ಜಾಗ', 'ಆಫ್‌ಬೀಟ್ ಟ್ರೆಕ್', 'ಜನವೇ ಇಲ್ಲದ ಬೆಟ್ಟ' ಎಂದೆಲ್ಲ ಬಣ್ಣಬಣ್ಣದ ಅಕ್ಷರಗಳಲ್ಲಿ ಬರುವ ಆ ಮಾತನ್ನು, ಅದರ ಹಿಂದಿರುವ ವ್ಯಾಪಾರವನ್ನು ನೀವು ಕೈಬಿಡಬೇಕು ಎಂಬುದು ನನ್ನ ಒಂದೇ ಕೋರಿಕೆ. ಜನ ತುಳಿದು ತುಳಿದು ಸವೆದ ಹಳೆಯ ದಾರಿಯಲ್ಲೇ ಜನರನ್ನು ಕರೆದೊಯ್ಯಿರಿ. ಕೇಳಲು ಇದು ತಿರುವುಮುರುವಾಗಿ ಕಾಣುತ್ತದೆಂದು ಬಲ್ಲೆ. ಜನ ಹೆಚ್ಚಾದ ಕಡೆಯಿಂದ ಕಡಿಮೆ ಇರುವ ಕಡೆಗೆ ಹಂಚುವುದೇ ಕಾಡಿಗೆ ಹಿತ ಎಂದು ನಮಗೆಲ್ಲ ಅನ್ನಿಸುತ್ತದೆ. ಆ ಅನ್ನಿಸಿಕೆಯೇ ತಪ್ಪು ಎನ್ನುವುದಕ್ಕೆ ನನ್ನ ಬಳಿ ಕಾರಣಗಳಿವೆ.

ಈ ಹೊಸ ವ್ಯಾಪಾರಕ್ಕೆ ಬಲ ಬಂದದ್ದು ಹೇಗೆಂಬುದು ನಿಮಗೆ ತಿಳಿಯದ್ದೇನಲ್ಲ. 2024ರ ಜನವರಿ 26 ಶುಕ್ರವಾರ ಬಿತ್ತು. ಮೂರು ದಿನ ರಜೆ ಒಟ್ಟಿಗೆ ಸಿಕ್ಕಿತು. ಸುಬ್ರಹ್ಮಣ್ಯದಿಂದ ಕುಮಾರ ಪರ್ವತಕ್ಕೆ ಹೋಗುವ ದಾರಿಯಲ್ಲಿ ಜಾತ್ರೆಯಂತೆ ಜನ ಸಾಲುಗಟ್ಟಿ ನಿಂತ ಚಿತ್ರಗಳು ಎಲ್ಲರ ಮೊಬೈಲಿಗೂ ಬಂದವು. ಪುಷ್ಪಗಿರಿ ವನ್ಯಜೀವಿಧಾಮದ ನೂರು ಚದರ ಕಿಲೋಮೀಟರಿನ ಚಿಕ್ಕ ಕಾಡು ಅದು. ಶಿಖರದ ಎತ್ತರ 1,712 ಮೀಟರ್. ಅರಣ್ಯ ಸಚಿವ ಈಶ್ವರ ಖಂಡ್ರೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಲು ಹೇಳಿದರು. ಅದೇ ವರ್ಷ ಮುಂದೆ 'ಅರಣ್ಯ ವಿಹಾರ' ಜಾಲತಾಣ ಬಂತು, ಒಂದು ಚಾರಣ ಪಥಕ್ಕೆ ದಿನಕ್ಕೆ 300 ಜನ ಎಂಬ ಮಿತಿಯೂ ಬಂತು. ಮಿತಿ ಬಂದದ್ದು ಸರಿಯೇ. ಆದರೆ ಟಿಕೆಟ್ ಸಿಗದೆ ಉಳಿದವರು ಮನೆಯಲ್ಲಿ ಕೂರುವುದಿಲ್ಲವಲ್ಲ. ಅವರಿಗಾಗಿ ಪಟ್ಟಿಯಲ್ಲಿಲ್ಲದ ಗುಡ್ಡಗಳು ಬೇಕಾದವು: ಚೆಕ್‌ಪೋಸ್ಟ್ ಇಲ್ಲದ, ಗಾರ್ಡ್ ಬಾರದ, ದನ ಕಾಯುವವರಿಗೆ ಬಿಟ್ಟರೆ ಬೇರೆಯವರಿಗೆ ಹೆಸರೂ ತಿಳಿಯದ ಗುಡ್ಡಗಳು. ಒಬ್ಬ ನಡೆದು ಜಿಪಿಎಸ್ ಜಾಡನ್ನು ಆ್ಯಪಿಗೆ ಏರಿಸುತ್ತಾನೆ. ಮರುವಾರ ಹತ್ತು ಮಂದಿ ಅದನ್ನು ಇಳಿಸಿಕೊಳ್ಳುತ್ತಾರೆ. ಮರುತಿಂಗಳು ಅದು ನಿಮ್ಮ ಜಾಹೀರಾತಿನಲ್ಲಿ, ಊಟ ತಿಂಡಿ ಸೇರಿ ಇಷ್ಟು ರೂಪಾಯಿ ಎಂದು ಬರುತ್ತದೆ.

ಕಾಲ್ತುಳಿತದಿಂದ ನೆಲಕ್ಕೆ ಏನಾಗುತ್ತದೆ ಎಂಬುದನ್ನು ಅಳತೆ ಹಾಕಿಯೇ ನೋಡಿದವರಿದ್ದಾರೆ. ಅಮೆರಿಕದ ಅರಣ್ಯ ಇಲಾಖೆಯ ಸಂಶೋಧಕ ಡೇವಿಡ್ ಕೋಲ್ ಮತ್ತು ಬ್ರಿಟನ್ನಿನ ನೀಲ್ ಬೇಫೀಲ್ಡ್ 1993ರಲ್ಲಿ ಇದಕ್ಕೊಂದು ಪ್ರಯೋಗ ವಿಧಾನವನ್ನೇ ರೂಪಿಸಿದರು. ಯಾರೂ ತುಳಿಯದ ನೆಲದಲ್ಲಿ ಅರ್ಧ ಮೀಟರ್ ಅಗಲದ ಪಟ್ಟಿಗಳನ್ನು ಗುರುತು ಮಾಡುವುದು. ಒಂದು ಪಟ್ಟಿಯ ಮೇಲೆ 25 ಸಲ ನಡೆಯುವುದು, ಇನ್ನೊಂದರ ಮೇಲೆ 75, ಮತ್ತೊಂದರ ಮೇಲೆ 200, ಕೊನೆಯದರ ಮೇಲೆ 500. ಒಂದನ್ನು ಹಾಗೆಯೇ ಬಿಡುವುದು. ಎರಡು ವಾರ ಬಿಟ್ಟು, ಮತ್ತೆ ಒಂದು ವರ್ಷ ಬಿಟ್ಟು ಎಷ್ಟು ಹಸಿರು ಉಳಿದಿದೆ ಎಂದು ಅಳೆಯುವುದು. ಇಂಥ ಪ್ರಯೋಗಗಳು ಬೇರೆ ಬೇರೆ ಸಸ್ಯವರ್ಗಗಳಲ್ಲಿ ನಡೆದಿವೆ, ಮತ್ತೆ ಮತ್ತೆ ಕಂಡದ್ದು ಒಂದೇ ಬಗೆಯ ರೇಖೆ. ಹಾನಿಯ ಬಹುಪಾಲು ಆಗುವುದು ಮೊದಮೊದಲ ತುಳಿತದಲ್ಲಿ. ಆಮೇಲೆ ಎಷ್ಟು ಜನ ಹೆಚ್ಚಿದರೂ ಹಾನಿ ಅಷ್ಟೇ ವೇಗದಲ್ಲಿ ಹೆಚ್ಚುವುದಿಲ್ಲ. ಹುಲ್ಲು ಸತ್ತು ಮಣ್ಣು ಗಟ್ಟಿಯಾದ ಮೇಲೆ ಸಾಯಲು ಅಲ್ಲಿ ಉಳಿದಿರುವುದಾದರೂ ಏನು? ಗಡುಸು ಹುಲ್ಲು ಸ್ವಲ್ಪ ತಡೆದುಕೊಳ್ಳುತ್ತದೆ, ಮರದ ನೆರಳಿನಲ್ಲಿ ಬೆಳೆಯುವ ಮೆತ್ತಗಿನ ಗಿಡಗಳು ಎಲ್ಲಕ್ಕಿಂತ ಬೇಗ ಸೋಲುತ್ತವೆ. ಕಣಿವೆಯ ನೆರಳುಗಾಡಾದ ನಮ್ಮ ಶೋಲಾದೊಳಗಿನ ನೆಲ ಯಾವ ಬಗೆಯದು ಎಂದು ಬಿಡಿಸಿ ಹೇಳಬೇಕಿಲ್ಲ.

ಈ ಲೆಕ್ಕವನ್ನು ನಿಮ್ಮ ತಂಡಕ್ಕೆ ಹಚ್ಚಿ ನೋಡಿ. ಒಂದು ಟಿಟಿ, ಅದರ ಹಿಂದೊಂದು ಜೀಪು, ಒಟ್ಟು 25 ಜನ. ಹತ್ತಿ ಅದೇ ದಾರಿಯಲ್ಲಿ ಇಳಿದರೆ 50 ಸಲ ತುಳಿದಂತಾಯಿತು. ಹತ್ತು ವಾರಾಂತ್ಯಕ್ಕೆ ಆ ಪ್ರಯೋಗದ ಕಡೆಯ ಪಟ್ಟಿಯಷ್ಟು, 500. ಒಂದೇ ಹಂಗಾಮಿನಲ್ಲಿ, ಒಂದೇ ತಂಡ, ದಾರಿಯೇ ಇಲ್ಲದ ಗುಡ್ಡದ ಮೇಲೆ ದಾರಿ ಮೂಡಿಸಿಬಿಡುತ್ತದೆ. ಅತ್ತ ಕುಮಾರ ಪರ್ವತದ ದಾರಿಯಲ್ಲಿ 300 ಜನ ಹತ್ತಿ ಇಳಿದರೆ ಒಂದೇ ದಿನದಲ್ಲಿ 600 ಸಲವಾಗುತ್ತದೆ, ಆದರೆ ಅಲ್ಲಿ ಸಾಯಬೇಕಾದ ಹುಲ್ಲು ನಮ್ಮ ಅಜ್ಜಂದಿರ ಕಾಲಕ್ಕೇ ಸತ್ತಿದೆ. ಹೀಗಾಗಿ ನೀವು 300 ಜನರಲ್ಲಿ 25 ಮಂದಿಯನ್ನು ಹಳೆಯ ದಾರಿಯಿಂದ ಬಿಡಿಸಿ ಹೊಸ ಗುಡ್ಡಕ್ಕೆ ಕರೆದೊಯ್ದಾಗ ಹಳೆಯ ದಾರಿಗೆ ಆಗುವ ಉಪಕಾರ ಹೆಚ್ಚುಕಡಿಮೆ ಸೊನ್ನೆ, ಹೊಸ ಗುಡ್ಡಕ್ಕೆ ಆಗುವ ಅಪಕಾರ ಮಾತ್ರ ಪೂರ್ತಿ. ಜನರನ್ನು ಹಂಚಿದೆವು ಎಂದು ನೀವು ತಿಳಿದಿದ್ದೀರಿ. ಹಂಚಿದ್ದು ಗಾಯವನ್ನು.

ಅಮೆರಿಕದ ಹುಲ್ಲಿನ ಲೆಕ್ಕ ನಮ್ಮ ಘಟ್ಟಕ್ಕೆ ಹೇಗೆ ಹೊಂದುತ್ತದೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಯಾವ ಗಿಡ ಎಷ್ಟು ತಾಳುತ್ತದೆ ಎಂಬ ಅಂಕಿ ಬೇರೆಯಾಗುತ್ತದೆ, ರೇಖೆಯ ಬಾಗು ಬದಲಾಗದು. ನಮ್ಮ ಕಡೆ ಒಂದು ಸಂಗತಿ ಇದನ್ನು ಇನ್ನೂ ಬಿಗಡಾಯಿಸುತ್ತದೆ: ಅದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಇಂಥ ಮಳೆಯನ್ನು ತಡೆದು ಹಿಡಿದು ನಿಧಾನವಾಗಿ ಒರತೆಗೆ ಬಿಡುವುದು ಬೆಟ್ಟದ ನೆತ್ತಿಯ ಹುಲ್ಲು ಮತ್ತು ಕಣಿವೆಯ ಶೋಲಾ. ಹುಲ್ಲಿನ ಹೊದಿಕೆಯಲ್ಲಿ ಒಂದಡಿ ಅಗಲದ ಗೆರೆ ಬಿದ್ದರೆ ಸಾಕು, ನೀರಿಗೆ ಅದೇ ಕಾಲುವೆ. ಗೆರೆ ಇಳಿಜಾರಿನ ಜೊತೆಗೆ ನೇರ ಕೆಳಗಿಳಿಯುತ್ತಿದ್ದರೆ ಎರಡು ಮಳೆಗಾಲದಲ್ಲಿ ಅದು ಮೊಣಕಾಲುದ್ದದ ಕೊರಕಲು. ಆಗ ಕೊರಕಲಿನಲ್ಲಿ ನಡೆಯಲಾಗದೆ ಜನ ಅದರ ಪಕ್ಕದಲ್ಲಿ ನಡೆಯುತ್ತಾರೆ, ಪಕ್ಕದಲ್ಲೊಂದು ಗೆರೆ ಬೀಳುತ್ತದೆ. ಊರವರು ತಲೆಮಾರುಗಳಿಂದ ಬಳಸಿದ ಕಾಲುದಾರಿಗಳು ಗುಡ್ಡವನ್ನು ಅಡ್ಡಡ್ಡ ಸುತ್ತಿಕೊಂಡು ಏರುವುದನ್ನು ಗಮನಿಸಿ. ತಲೆಯ ಮೇಲೆ ಹೊರೆ ಇದ್ದವರಿಗೆ ಬೇರೆ ದಾರಿ ಹೊಂದುವುದಿಲ್ಲ, ಆ ಬಳಸುದಾರಿಯೇ ಮಣ್ಣನ್ನೂ ಉಳಿಸಿತು. ಹೊರೆ ಇಲ್ಲದ, ಹೊತ್ತಿಗೆ ಮುಂಚೆ ತುದಿ ಮುಟ್ಟುವ ಆತುರದ ಚಾರಣಿಗ ತಿರುವು ಬಂದಾಗಲೆಲ್ಲ ಒಳದಾರಿ ಹಿಡಿದು ನೇರ ಹತ್ತುತ್ತಾನೆ. ನಿಮ್ಮ ಗೈಡ್ ಅದನ್ನು ನೋಡಿಯೂ ಸುಮ್ಮನಿರುತ್ತಾನೆ, ಏಕೆಂದರೆ ಸೂರ್ಯಾಸ್ತದ ಫೋಟೊ ತಪ್ಪಿದರೆ ಮುಂದಿನ ವಾರ ರೇಟಿಂಗ್ ಇಳಿಯುತ್ತದೆ.

ಇನ್ನು ಪ್ರಾಣಿಗಳು. ಕಾಡಾನೆಯಾಗಲಿ ಕಾಟಿಯಾಗಲಿ ಮನುಷ್ಯ ದಿನವೂ ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ ಬರುತ್ತಾನೆ ಎಂಬುದನ್ನು ಕಲಿಯುತ್ತವೆ, ಕಲಿತು ಆ ಹೊತ್ತಿಗೆ ದೂರ ಸರಿಯುತ್ತವೆ. ಗೊತ್ತಾದ ದಾರಿಯಲ್ಲಿ ಬರುವವನಿಗಿಂತ ಗೊತ್ತಿಲ್ಲದ ಕಡೆಯಿಂದ ತಟ್ಟನೆ ಎದುರಾಗುವವನೇ ಅವಕ್ಕೂ ಭಯ, ಅವನಿಗೂ ಅಪಾಯ. ಹಗಲು ಜನ ನಡೆವ ದಾರಿಯಿಂದ ಸರಿದು ಪ್ರಾಣಿಗಳು ನಿಲ್ಲುವುದು ಎಲ್ಲಿ? ನೀವು 'ಜನವೇ ಇಲ್ಲದ ಬೆಟ್ಟ' ಎಂದು ಮಾರುತ್ತಿರುವ ಮೂಲೆಯಲ್ಲಿಯೇ. ಅದೂ ಹೋದರೆ ಅವು ಇಳಿಯುವುದು ಏಲಕ್ಕಿ, ಕಾಫಿ ತೋಟಕ್ಕೆ, ಅಲ್ಲಿಂದ ಗದ್ದೆಗೆ. ಮತ್ತೊಂದು ಚಿಕ್ಕ ಪ್ರಾಣಿಯನ್ನೂ ಮರೆಯಬಾರದು: ಉಣ್ಣೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಈ ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ ಇಂದಿಗೂ ಮಲೆನಾಡನ್ನು ಬಿಟ್ಟಿಲ್ಲ. ಅದು ಹೆಚ್ಚಾಗಿ ಕಾಡುವುದು ಡಿಸೆಂಬರಿನಿಂದ ಮೇ ತನಕ. ನಿಮ್ಮ ಹಂಗಾಮಿನ ಅರ್ಧ ಭಾಗವೂ ಅದೇ. ಸವೆದು ಬೋಳಾದ ದಾರಿಯಲ್ಲಿ ನಡೆವವನಿಗಿಂತ ದರಗಿನ ಮೇಲೆ, ಪೊದೆಗಳನ್ನು ಸರಿಸಿಕೊಂಡು ನಡೆವವನ ಮೈಗೆ ಉಣ್ಣೆ ಹತ್ತುವ ಸಾಧ್ಯತೆ ಎಷ್ಟೋ ಹೆಚ್ಚು. ಕರೆದೊಯ್ಯುವ ಮುನ್ನ ಇದನ್ನು ಹೇಳುವ ತಂಡಗಳು ನಿಮ್ಮಲ್ಲಿ ಎಷ್ಟಿವೆ?

ಬೆಂಕಿಯ ಮಾತಿಗೆ ಬಂದರೆ ಕುರಂಗಣಿಯನ್ನು ನೆನೆಯದೆ ವಿಧಿಯಿಲ್ಲ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಆ ಬೆಟ್ಟದಲ್ಲಿ ಒಣಹುಲ್ಲಿಗೆ ಹತ್ತಿದ ಬೆಂಕಿಯ ನಡುವೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಅವರೇನು ಪುಂಡರಲ್ಲ, ನಿಮ್ಮ ತಂಡಗಳಲ್ಲಿ ಬರುವಂಥದೇ ನೌಕರಿಯ ಹುಡುಗ ಹುಡುಗಿಯರು, ಸಂಘಟಕರನ್ನು ನಂಬಿ ಬಂದವರು. ಅವರನ್ನು ಕರೆದೊಯ್ದ ದಾರಿಗೆ ಅನುಮತಿ ಇರಲಿಲ್ಲ. ಅನುಮತಿ ಇರುವ ದಾರಿ ಎಂದರೆ ಬರಿಯ ಕಾಗದವಲ್ಲ: ಎಷ್ಟು ಜನ ಒಳಗಿದ್ದಾರೆ, ಎಷ್ಟು ಹೊತ್ತಿಗೆ ಹೊರಬರಬೇಕು, ಎತ್ತ ಬೆಂಕಿ ರೇಖೆ ಇದೆ ಎಂಬುದು ಚೆಕ್‌ಪೋಸ್ಟಿನಲ್ಲಿ ಕೂತ ಒಬ್ಬನಿಗಾದರೂ ಗೊತ್ತಿರುತ್ತದೆ. ಬೇಸಿಗೆಯಲ್ಲಿ ಅರಣ್ಯ ಇಲಾಖೆ ದಾರಿ ಮುಚ್ಚಿದಾಗ ನಿಮ್ಮವರು ಗೊಣಗುತ್ತಾರೆ, ಮುಚ್ಚಿದ ದಾರಿಯ ಪಕ್ಕದ ಇನ್ನೊಂದು ಗುಡ್ಡ ಹುಡುಕುತ್ತಾರೆ. ಮುಚ್ಚಿದ್ದು ಬೆಂಕಿಯ ಕಾರಣಕ್ಕಾದರೆ ಪಕ್ಕದ ಗುಡ್ಡದ ಹುಲ್ಲು ಒದ್ದೆಯಾಗಿರುತ್ತದೆಯೇ?

ಕಾನೂನಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಹೋಗುವುದನ್ನೂ ಬೆಂಕಿ ಹಾಕುವುದನ್ನೂ ನಿಷೇಧಿಸುತ್ತದೆ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಅಷ್ಟಾದರೂ ನಿಮ್ಮಲ್ಲಿ ಕೆಲವರು 'ಅದು ರಿಸರ್ವ್ ಫಾರೆಸ್ಟ್ ಅಷ್ಟೇ, ಸ್ಯಾಂಕ್ಚುರಿ ಅಲ್ಲ' ಎಂದು ಗಿರಾಕಿಗಳಿಗೆ ಧೈರ್ಯ ಹೇಳುವುದುಂಟು. ಸಿಕ್ಕಿಬಿದ್ದಾಗ ಕೇಸು ದಾಖಲಾಗುವುದು ಗಿರಾಕಿಯ ಹೆಸರಿನಲ್ಲೂ ಹೌದು.

ಈಗ ನಿಮ್ಮ ವಾದಗಳಿಗೆ ಬರುತ್ತೇನೆ. ಎಲ್ಲಕ್ಕಿಂತ ಗಟ್ಟಿಯಾದದ್ದು ಇದು: ಬೆಟ್ಟಕ್ಕೆ ಬೆಟ್ಟವನ್ನೇ ಅಗೆದವರನ್ನು ಬಿಟ್ಟು, ರಸ್ತೆ, ರೆಸಾರ್ಟು, ವಿದ್ಯುತ್ ತಂತಿ, ಪೈಪ್‌ಲೈನುಗಳಿಗೆ ಸಾಲುಸಾಲು ಮರ ಕಡಿದವರನ್ನು ಬಿಟ್ಟು, ಎರಡು ಕಾಲಿನಲ್ಲಿ ನಡೆದುಹೋಗುವ ನಮ್ಮನ್ನೇ ಏಕೆ ಹಿಡಿದುಕೊಂಡಿರಿ? ಪ್ರಮಾಣದ ಮಾತಾದರೆ ನೀವು ಹೇಳುವುದು ನೂರಕ್ಕೆ ನೂರು ನಿಜ. ಒಂದು ಘಾಟಿ ರಸ್ತೆಯ ಅಗಲೀಕರಣ ಮಾಡುವ ಹಾನಿಯನ್ನು ಚಾರಣಿಗರೆಲ್ಲ ಸೇರಿ ನೂರು ವರ್ಷ ತುಳಿದರೂ ಮಾಡಲಾರರು. ಆದರೆ ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಿಂದ ನಿಂತದ್ದು ಹೇಗೆಂದು ನೆನಪಿಸಿಕೊಳ್ಳಿ. ಬೋಳಾದ ಇಳಿಜಾರಿನಿಂದ ಮಣ್ಣು ತೊಳೆದು ಭದ್ರೆಗೆ ಹೂಳು ಸೇರುತ್ತಿದೆ ಎಂಬುದು ಅಂದಿನ ಮುಖ್ಯ ವಾದಗಳಲ್ಲಿ ಒಂದಾಗಿತ್ತು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲದ ಸುತ್ತಿನ ನೆಲ ಅದು. ನಾಳೆ ಮತ್ತೊಂದು ಗಣಿ, ಮತ್ತೊಂದು ಯೋಜನೆ ಬಂದಾಗ ದನಿಯೆತ್ತಬೇಕಾದವರು ಆ ಬೆಟ್ಟಗಳನ್ನು ಕಂಡ ನಿಮ್ಮ ಸಾವಿರಾರು ಚಾರಣಿಗರು. ಆಗ ಯೋಜನೆಯ ಪರ ವಕೀಲ ನಿಮ್ಮದೇ ಜಿಪಿಎಸ್ ಜಾಡುಗಳನ್ನು ತೆರೆದಿಟ್ಟು, 'ಇದು ಯಾರೂ ಮುಟ್ಟದ ಕಾಡೇನಲ್ಲ, ಸ್ವಾಮಿ, ನೋಡಿ ಎಷ್ಟು ದಾರಿಗಳು' ಎಂದರೆ ಉತ್ತರ ಏನು?

ಎರಡನೆಯದು ಹೊಟ್ಟೆಪಾಡಿನ ಮಾತು. ಹೊಸ ಗುಡ್ಡ ತೆರೆದರೆ ಆ ಊರಿನ ನಾಲ್ಕು ಹುಡುಗರಿಗೆ ಗೈಡ್ ಕೆಲಸ, ಎರಡು ಮನೆಗೆ ಹೋಂಸ್ಟೇ, ಒಂದು ಜೀಪಿಗೆ ಬಾಡಿಗೆ. ಇದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅಡಿಕೆಗೆ ಎಲೆಚುಕ್ಕಿ ರೋಗ ಬಿದ್ದ ಊರುಗಳಲ್ಲಿ ವಾರಕ್ಕೊಮ್ಮೆ ಬರುವ ಆ ದುಡ್ಡಿಗೆ ಬೆಲೆ ಇದೆ. ಆದರೆ ಹೊಸ ಗುಡ್ಡದ ಕೆಲಸ ಬಹುಕಾಲ ಉಳಿಯುವಂಥದ್ದಲ್ಲ. ಜಾಗ ಹೆಸರಾದ ಕೂಡಲೇ ಜನ ನುಗ್ಗುತ್ತಾರೆ, ದೂರು ಹೋಗುತ್ತದೆ, ಇಲಾಖೆ ಗೇಟು ಹಾಕುತ್ತದೆ, ನೀವು ಮುಂದಿನ ಗುಡ್ಡಕ್ಕೆ ಹೋಗುತ್ತೀರಿ. ಸಾಲ ಮಾಡಿ ಜೀಪು ತೆಗೆದುಕೊಂಡ ಹುಡುಗ ಅಲ್ಲೇ ಉಳಿಯುತ್ತಾನೆ. ಗೊತ್ತಾದ ದಾರಿಯಲ್ಲಿ, ಮಿತಿಯೊಳಗೆ, ವಾರದ ಏಳೂ ದಿನ ಜನ ಬಂದರೆ ಕುದುರೆಮುಖದ ಬುಡದ ಮುಳ್ಳೋಡಿಯಲ್ಲೋ ಸಂಸೆಯಲ್ಲೋ ಇರುವವರಿಗೆ ವರ್ಷಗಟ್ಟಲೆ ನೆಚ್ಚಿಕೊಳ್ಳುವ ಕೆಲಸವಾಗುತ್ತದೆ. 'ಮಲೆಕುಡಿಯ ಆದಿವಾಸಿಗಳು, ಊರವರು ದಾರಿ ಬಿಟ್ಟು ಎಲ್ಲೆಂದರಲ್ಲಿ ನಡೆಯುವುದಿಲ್ಲವೇ' ಎಂದು ಕೇಳುವವರೂ ಇದ್ದಾರೆ. ನಡೆಯುತ್ತಾರೆ. ಜೇನಿಗೆ, ಸೌದೆಗೆ, ದನಕ್ಕೆ, ಒಬ್ಬೊಬ್ಬರಾಗಿ, ತಮ್ಮ ಅಂಗಳದಲ್ಲಿ ನಡೆದಂತೆ. ಆ ಹಕ್ಕುಗಳನ್ನು 2006ರ ಅರಣ್ಯ ಹಕ್ಕು ಕಾಯ್ದೆ ಒಪ್ಪಿಕೊಂಡಿದೆ. ಪ್ರತಿ ಶನಿವಾರ 25 ಜನರ ಸಾಲು ಹೋಗುವುದಕ್ಕೂ ಅದಕ್ಕೂ ಹೋಲಿಕೆ ಎಲ್ಲಿಯದು?

ಮೂರನೆಯದು ನಿಮ್ಮ ದೂರು, ಅದರಲ್ಲಿ ನಾನು ನಿಮ್ಮ ಪರ. ಎಲ್ಲ ದಾರಿಗೂ 300 ಎಂಬ ಒಂದೇ ಅಂಕಿ ಏಕೆ? ಗಟ್ಟಿ ಕಲ್ಲಿನ ಏಣಿನ ಮೇಲೆ ಹೋಗುವ ದಾರಿಗೂ ಕೆಸರಾಗುವ ಹುಲ್ಲಿನ ದಾರಿಗೂ ತಾಳಿಕೆ ಒಂದೇ ಅಲ್ಲ. 300 ಜನರೂ ಬೆಳಗಿನ ಅದೇ ಒಂದು ಗಂಟೆಯೊಳಗೆ ಗೇಟು ದಾಟಿದರೆ ಮಿತಿ ಇದ್ದೂ ಜಾತ್ರೆಯೇ. ಟಿಕೆಟ್ಟಿನ ದುಡ್ಡಿನಲ್ಲಿ ದಾರಿಗೆ ಕಲ್ಲುಮೆಟ್ಟಿಲು ಹಾಕಿಸಿದ್ದು, ಮಳೆನೀರನ್ನು ಪಕ್ಕಕ್ಕೆ ಹೊರಳಿಸುವ ಅಡ್ಡಗಾಲುವೆ ತೆಗೆಸಿದ್ದು, ಒಳದಾರಿಗಳಿಗೆ ಮುಳ್ಳು ಹಾಕಿ ಮುಚ್ಚಿಸಿದ್ದು ಎಷ್ಟು ಕಡೆ? ಹಳೆಯ ದಾರಿಯಲ್ಲೇ ಜನ ನಡೆಯಲಿ ಎನ್ನುವವರು ಆ ದಾರಿಯನ್ನು ನಡೆಯುವಂತೆ ಇಡಬೇಕು. ಇಲ್ಲದಿದ್ದರೆ ಜುಲೈ ತಿಂಗಳ ಕೆಸರಿಗೆ ಹೆದರಿ ಪ್ರತಿಯೊಬ್ಬನೂ ಅಂಚಿನ ಹುಲ್ಲಿನ ಮೇಲೆ ಕಾಲಿಡುತ್ತಾನೆ, ಎರಡಡಿ ದಾರಿ ಹತ್ತಡಿಯಾಗುತ್ತದೆ. ಈ ಪ್ರಶ್ನೆಗಳನ್ನು ಇಲಾಖೆಗೆ ಗಟ್ಟಿಯಾಗಿ ಕೇಳಿ, ಮಾಹಿತಿ ಹಕ್ಕಿನಲ್ಲಿ ಕೇಳಿ, ಒಟ್ಟಾಗಿ ಕೇಳಿ. ಆದರೆ ಇಲಾಖೆ ತನ್ನ ಕೆಲಸ ಮಾಡುತ್ತಿಲ್ಲ ಎಂಬುದು ನೀವು ಗೇಟಿಲ್ಲದ ಗುಡ್ಡಕ್ಕೆ ಹೋಗಲು ಪರವಾನಗಿ ಆಗಲಾರದು.

ಡೇರೆ ಹಾಕುವ ವಿಷಯದಲ್ಲೂ ತುಳಿತದ ಅದೇ ಲೆಕ್ಕ ನಡೆಯುತ್ತದೆ. ಉತ್ತರಾಖಂಡದ ಹೈಕೋರ್ಟು 2018ರ ಆಗಸ್ಟಿನಲ್ಲಿ ಅಲ್ಲಿನವರು ಬುಗ್ಯಾಲ್ ಎನ್ನುವ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿತು. ಪ್ರವಾಸಿಗರ ಸಂಖ್ಯೆಗೆ 200ರ ಮಿತಿ ಹಾಕಿತು. ನಮ್ಮಲ್ಲಿ ಹೆಚ್ಚಿನ ಶಿಖರಗಳ ಮೇಲೆ ಈಗ ತಂಗಲು ಬಿಡುವುದಿಲ್ಲ. ಅದರ ಬದಲಿಗೆ ಕಾಡಿನ ಅಂಚಿನ ಖಾಸಗಿ ಜಾಗದಲ್ಲಿ ಸಾಲು ಡೇರೆ, ಕ್ಯಾಂಪ್‌ಫೈರು, ಸ್ಪೀಕರು ಶುರುವಾಗಿವೆ. ಡೇರೆಯನ್ನು ಹಳೆಯ ಗದ್ದೆಯಲ್ಲೋ ಮನೆಯ ಅಂಗಳದಲ್ಲೋ, ಈಗಾಗಲೇ ತುಳಿದು ಗಟ್ಟಿಯಾದ ನೆಲದಲ್ಲಿ ಹಾಕಿ. ಸ್ಪೀಕರ್ ಬೆಂಗಳೂರಿನಲ್ಲೇ ಬಿಟ್ಟು ಬನ್ನಿ. ಅದಕ್ಕೆ ವಾದವೇ ಬೇಕಿಲ್ಲ.

'ಹಳೆಯ ದಾರಿಯಲ್ಲಿ ಮಜವೇನಿದೆ' ಎನ್ನುವವರಿಗೆ ಏನು ಹೇಳುವುದು ಎಂದು ನೀವು ಕೇಳುವಿರಿ, ಏಕೆಂದರೆ ಅದು ನಿಮ್ಮ ವ್ಯಾಪಾರದ ಪ್ರಶ್ನೆ. ನಿಜ ಹೇಳಬೇಕೆಂದರೆ ಹಳೆಯ ದಾರಿಯನ್ನು ನೋಡಿದವರೇ ಕಡಿಮೆ. ತುದಿ ಮುಟ್ಟುವುದಷ್ಟೇ ಗುರಿಯಾದಾಗ ದಾರಿ ಕಾಯುವ ಸಾಲಾಗಿಬಿಡುತ್ತದೆ. ಅದೇ ದಾರಿಯನ್ನು ಹನ್ನೆರಡು ಜನರ ತಂಡದಲ್ಲಿ, ಮಂಗಳವಾರ, ತುದಿಯ ಹಂಗಿಲ್ಲದೆ ನಡೆಸಿ ನೋಡಿ. ಮಳೆಗಾಲದ ಕೊನೆಗೆ ಹುಲ್ಲಿನ ನಡುವೆ ಅರಳುವ ಗೌರಿಹೂವನ್ನೂ, ಶೋಲಾದೊಳಗೆ ಕಾಲಿಟ್ಟ ಕ್ಷಣ ಇಳಿಯುವ ತಂಪನ್ನೂ, ಮರದ ನೆತ್ತಿಯಲ್ಲಿ ಕೂಗುವ ಸಿಂಗಳೀಕವನ್ನೂ ತೋರಿಸಬಲ್ಲ ಒಬ್ಬ ಊರಿನ ಗೈಡ್‌ಗೆ ಎರಡು ಪಾಲು ಸಂಬಳ ಕೊಡಿ, ಆ ಖರ್ಚನ್ನು ಟಿಕೆಟ್ಟಿಗೆ ಸೇರಿಸಿ. ಮನೆಯಿಂದ ಕೆಲಸ ಮಾಡುವವರು, ಪಾಳಿಯಲ್ಲಿ ದುಡಿಯುವವರು ತುಂಬಿರುವ ಊರಿನಲ್ಲಿ ವಾರದ ನಡುವಿನ ಚಾರಣಕ್ಕೆ ಜನ ಸಿಗುವುದಿಲ್ಲ ಎಂಬುದನ್ನು ಯತ್ನಿಸಿ ನೋಡದೆ ನಾನು ನಂಬಲಾರೆ.

ಮುಂದಿನ ಹಂಗಾಮು ಶುರುವಾಗುವ ಮೊದಲು ನಿಮ್ಮ ಪಟ್ಟಿಯನ್ನು ಒಮ್ಮೆ ತೆರೆದು ಕೂರಿ. ಅನುಮತಿಯ ಚಾರಣ ಪಥಗಳಲ್ಲಿ ಇಲ್ಲದ ಹೆಸರುಗಳನ್ನು ತೆಗೆದುಹಾಕಿ. ಆ್ಯಪಿಗೆ ಏರಿಸಿದ ಆ ಗುಡ್ಡಗಳ ಜಾಡುಗಳನ್ನು ಅಳಿಸಿ, ಗೈಡ್‌ಗಳ ಮೊಬೈಲಿನಲ್ಲಿ ಇರುವುದನ್ನೂ ಅಳಿಸಲು ಹೇಳಿ. ಕಳೆದ ವರ್ಷ ನೀವು ಮೂಡಿಸಿದ ಗೆರೆಯ ಮೇಲೆ ಈ ಸಲ ಯಾರೂ ಹೋಗದಿದ್ದರೆ ಅದು ಎಷ್ಟು ಬೇಗ ಮುಚ್ಚಿಕೊಳ್ಳುತ್ತದೆ ಎಂಬುದನ್ನು ಆ ಊರಿನ ದನ ಕಾಯುವವರನ್ನು ಫೋನಿನಲ್ಲೇ ಕೇಳಿ ತಿಳಿದುಕೊಳ್ಳಬಹುದು, ನೋಡಲು ಹೋಗಬೇಡಿ.

ಇಂತಿ,
ಹಳೆಯ ದಾರಿಗಳ ಪರವಾಗಿ ಒಬ್ಬ ಓದುಗ